ಎರಡು ಕೊಕ್ಕರೆಗಳ ತೂಕ

ವಿಷ್ಕೊಲೋತ್ಲ
9 ಸೆಪ್ಟೆಂಬರ್ 1981

ತಂಗಿ ಒಬ್ದೂಲಿಯಾ,

ನನ್ನ ಕೈಗೆ ಪೆನ್ನು ಹಿಡಿಸಿದವರು ಯಾರೂ ಉದ್ಧಾರವಾಗಿಲ್ಲ. ಮೂರನೇ ಕ್ಲಾಸಿನಲ್ಲಿ ಅಪ್ಪ ಸ್ಲೇಟು ಕಿತ್ತುಕೊಂಡು ಕಾಗದ ಕೊರೆಯುವ ಉಳಿ ಕೊಟ್ಟ ದಿನದಿಂದ ನಾನು ನೆಮ್ಮದಿಯಾಗಿದ್ದೆ. ಈಗ ನಿನ್ನ ದೆಸೆಯಿಂದ ಅಂಗಡಿಗೆ ಹೋಗಿ ಗೆರೆ ಹಾಕಿದ ಕಾಗದ ತಂದು, ಊಟದ ಮೇಜಿಗೆ ಕುಳಿತು ಬೆವರುತ್ತಿದ್ದೇನೆ. ಫೋನು ಮಾಡೋಣವೆಂದರೆ, ನಿಮ್ಮೂರಿನ ಔಷಧಿ ಅಂಗಡಿಗೆ ನೀನು ಓಡಿ ಬರುವಷ್ಟರಲ್ಲಿ ಲೈನು ಕಡಿದಿರುತ್ತದೆ. ಬಂದರೂ ಚಿತ್ರವನ್ನು ಬಾಯಲ್ಲಿ ಹೇಗೆ ಹೇಳುವುದು?

ಮನೆಯಲ್ಲಿ ಮದುವೆ, ನವೆಂಬರ್ ಇಪ್ಪತ್ತೊಂದಕ್ಕೆ, ಬೀದಿಯುದ್ದಕ್ಕೂ ನಿನ್ನ ಕೈಯ ಕಾಗದದ ತೋರಣ ಬೇಕು ಅಂತ ಬರೆದಿದ್ದೀಯ. ಸಂತೋಷ. ಮಾರಿಸೇಲಾ ಮೊನ್ನೆ ಮೊನ್ನೆ ತೊಟ್ಟಿಲಲ್ಲಿದ್ದಳು. ಮೊಮ್ಮಗಳ ಮದುವೆ ನೋಡುವ ಪುಣ್ಯ ಎಲ್ಲರಿಗೂ ಸಿಗುವುದಿಲ್ಲ. ಆದರೆ ನಿನಗೆ ತಿಂಗಳು ಬೇರೆ ಸಿಗಲಿಲ್ಲವೇ? ಈಗ ಸ್ವಾತಂತ್ರ್ಯದ ಹಬ್ಬದ ಬಾವುಟ ಬಣ್ಣದ ತೋರಣ ಕೊರೆದು ಮುಗಿಸುತ್ತಿದ್ದೇವೆ. ಅದು ಮುಗಿದ ಮರುದಿನದಿಂದ ನವೆಂಬರ್ ಎರಡರ ಸತ್ತವರ ಹಬ್ಬಕ್ಕೆ ಅಸ್ಥಿಪಂಜರದ ಹಾಳೆ. ಇಡೀ ಊರಿನಲ್ಲಿ ಕೊಡತಿಯ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ.

ಇನ್ನು ನೀನು ಕಳಿಸಿದ ಚಿತ್ರ. ಅದೇನು ದೂಲಾ ಅದು? ಮದುವೆಯ ಹಾಳೆ ಅಂದರೆ ಎರಡು ಪಾರಿವಾಳ, ಎದುರುಬದುರು, ಒಂದೇ ಅಳತೆ. ಅಪ್ಪನ ಕಾಲದಿಂದ ಹಾಗೆಯೇ. ನೀನು ಕೊಕ್ಕರೆ ಬರೆದಿದ್ದೀಯ. ಅದೂ ಒಂದು ದೊಡ್ಡದು, ಇನ್ನೊಂದು ಅದರ ರೆಕ್ಕೆಯ ಕೆಳಗೆ ನುಸುಳುವಷ್ಟು ಸಣ್ಣದು. ಹಾಳೆಯ ಎಡಗಡೆಯೆಲ್ಲ ಭಾರ, ಬಲಗಡೆ ಬರೀ ಬಯಲು. ಇಂಥದನ್ನು ದಾರಕ್ಕೆ ಅಂಟಿಸಿದರೆ ಕುಡುಕನ ಹಾಗೆ ಒಂದು ಕಡೆಗೆ ಒರಗುತ್ತದೆ. ಮೇಲೆ ನಿಮ್ಮ ಕರಾವಳಿಯ ಉತ್ತರದ ಗಾಳಿ. ನವೆಂಬರಿನಲ್ಲಿ ಅದು ಹೆಂಚು ಹಾರಿಸುತ್ತದೆ ಅಂತ ನೀನೇ ಹೇಳಿದ್ದೆ. ಒರಗಿದ ಹಾಳೆ ಆ ಗಾಳಿಗೆ ತಿರುಚಿಕೊಂಡು ಹರಿದು, ಮದುಮಗಳು ಇಗರ್ಜಿಯಿಂದ ಬರುವ ಹೊತ್ತಿಗೆ ಬೀದಿಯಲ್ಲಿ ಬರೀ ದಾರ ಇರುತ್ತದೆ. ಮರ್ಯಾದೆ ಯಾರದ್ದು ಹೋಗುವುದು? ನನ್ನದು.

ಅಪ್ಪನ ಅಂಗಡಿಯಲ್ಲಿ ನೀನು ಬರೆಯುತ್ತಿದ್ದೆ, ನಾನು ಕೊರೆಯುತ್ತಿದ್ದೆ. ಎಲ್ಲ ಮರೆತೆಯಾ? ಅಂದವಾಗಿ ಬರೆದು ಕಳಿಸಬೇಡ. ಮೊದಲು ಬೆಂಕಿಪೊಟ್ಟಣದಷ್ಟು ಸಣ್ಣ ಸಣ್ಣ ಚಿತ್ರ ಗೀಚು. ಕಣ್ಣು, ಗರಿ ಏನೂ ಬೇಡ, ಬರೀ ಆಕಾರ. ತಲೆಕೆಳಗು ಮಾಡಿ ನೋಡು. ಹಕ್ಕಿ ಹಕ್ಕಿಯಾಗಿ ಕಾಣಬಾರದು, ತುಂಡುಗಳಾಗಿ ಕಾಣಬೇಕು. ಆಗಲೂ ನೆಟ್ಟಗೆ ನಿಂತರೆ ಮಾತ್ರ ನನಗೆ ಕಳಿಸು.

ಹುಡುಗ ಯಾರು, ಏನು ಮಾಡುತ್ತಾನೆ? ಅದನ್ನೇ ಬರೆದಿಲ್ಲ.

ಅಣ್ಣ
ಎಲಾದಿಯೋ


ತ್ಲಾಕೊತಾಲ್ಪನ್
18 ಸೆಪ್ಟೆಂಬರ್ 1981

ಅಣ್ಣಾ,

ನಿನ್ನ ಕಾಗದ ಓದಿ ಎರಡು ದಿನ ನಕ್ಕೆ. ನಿನ್ನ ಬೈಗುಳ ಅಂಚೆಯಲ್ಲಿ ಬಂದರೂ ಬಿಸಿ ಆರುವುದಿಲ್ಲ.

ನೀನು ಹೇಳಿದಂತೆ ಗೀಚಿದ್ದೇನೆ. ಈ ಹಾಳೆಯ ಹಿಂದೆ ಇದೆ. ಬೆಂಕಿಪೊಟ್ಟಣ ಇಟ್ಟೇ ಗೆರೆ ಎಳೆದೆ, ಆಣೆ. ಮೊದಲನೆಯದರಲ್ಲಿ ಎರಡೂ ನಡುವಿನಲ್ಲಿ. ಎರಡನೆಯದರಲ್ಲಿ ಸಣ್ಣದು ಮುಂದೆ. ಆಮೇಲಿನದರಲ್ಲಿ ದೊಡ್ಡದು ಕತ್ತು ಬಗ್ಗಿಸಿದೆ. ಕತ್ತು ಬಗ್ಗಿಸಿದ್ದೇ ನನಗೆ ಹಿಡಿಸಿತು. ತಲೆಕೆಳಗು ಮಾಡಿ ನೋಡಲಿಲ್ಲ. ತಲೆಕೆಳಗು ಮಾಡಿದರೆ ಕೊಕ್ಕರೆಗೆ ತಲೆ ಸುತ್ತುವುದಿಲ್ಲವೇ?

ಪಾರಿವಾಳ ಬೇಡ. ನಮ್ಮ ಮಾಡಿನ ತುಂಬ ಪಾರಿವಾಳ, ಅವುಗಳ ಕೆಳಗೆ ಬಟ್ಟೆ ಒಣಹಾಕಿದವರಿಗೇ ಗೊತ್ತು ಅವು ಎಷ್ಟು ಪವಿತ್ರವೆಂದು. ಇಲ್ಲಿ ಹೊಳೆಯ ದಡದಲ್ಲಿ ಬೆಳಗಾದರೆ ಕೊಕ್ಕರೆ. ಮದುಮಗಳಿಗೆ ಕೊಕ್ಕರೆಯೇ ಬೇಕಂತೆ. ಬಿಳಿ ಉಡುಪುಗಿಡುಪು ಏನೂ ಬೇಡ, ನೀಲಿ ಬಟ್ಟೆ ಸಾಕಂತೆ. ಹಠ ಮಾಡುವವರ ಮನೆತನವೇ ನಮ್ಮದು, ಯಾರನ್ನು ಅಂತ ಬೈಯುವುದು?

ಗಂಡು ದೋಣಿಯವನು. ಆಚೆ ದಡಕ್ಕೆ ಜನ ದಾಟಿಸುವ ದೋಣಿ. ಕುಳ್ಳು. ಮದುಮಗಳ ಭುಜಕ್ಕೆ ಬರುತ್ತಾನೆ ಅಷ್ಟೇ. ಅದಕ್ಕೇ ಕೊಕ್ಕರೆ ಸಣ್ಣದು. ಮಾತು ಕಡಿಮೆ. ಆದರೆ ನಿಂತನೆಂದರೆ ದೋಣಿ ಅಲ್ಲಾಡಿದರೂ ಅವನು ಅಲ್ಲಾಡುವುದಿಲ್ಲ.

ಎರಡು ಹಕ್ಕಿ ಹತ್ತಿರವೇ ಇರಲಿ, ಅಣ್ಣಾ. ಅದೊಂದು ಬಿಟ್ಟು ಬೇರೇನು ಬೇಕಾದರೂ ಬದಲಿಸು.

ಅತ್ತಿಗೆಗೆ ಹೊಳೆಯಷ್ಟು ಪ್ರೀತಿ. ಕಡಲೆಕಾಯಿ ಹಾಕಿದ ನಮ್ಮೂರಿನ ಹಾಲಿನ ಸಾರಾಯಿ ಒಂದು ಸೀಸೆ ಅವಳಿಗೆಂದು ಎತ್ತಿಟ್ಟಿದ್ದೇನೆ. ನಿನಗಲ್ಲ.

ನಿನ್ನ ದೂಲಾ


ವಿಷ್ಕೊಲೋತ್ಲ
27 ಸೆಪ್ಟೆಂಬರ್ 1981

ಒಬ್ದೂಲಿಯಾ,

ಬಿಳಿ ಉಡದ ಮದುಮಗಳು! ನಿನ್ನ ಅತ್ತಿಗೆ ಪೆತ್ರೋನಾಳಿಗೆ ಓದಿ ಹೇಳಿದೆ. "ಅದಕ್ಕೇನಂತೆ ಈಗ? ನೀವೇನು ಉಡ್ಬೇಕಾ?" ಅಂದಳು. ಮನೆಯಲ್ಲೂ ನನಗೆ ಬೆಂಬಲವಿಲ್ಲ.

ಕೆಲಸದ ಮಾತು ಕೇಳು. ನಿನ್ನ ಗೀಚು ನೋಡಿ ನಾನೂ ಗೀಚಿದೆ. ಮೆಣಸಿನ ಚೀಲದ ಕಾಗದವನ್ನೆಲ್ಲ ಹರಿದು ಚೌಕ ಮಾಡಿದ್ದೇನೆ, ಮೇಜಿನ ಮೇಲೆ ತಟ್ಟೆ ಇಡಲು ಜಾಗವಿಲ್ಲ. ಪೆತ್ರೋನಾ ಅವುಗಳ ಮೇಲೆಯೇ ಸಾರಿನ ಪಾತ್ರೆ ಇಟ್ಟಳು. ಹಾಗಾಗಿ ಒಂದು ಕೊಕ್ಕರೆಯ ಮೇಲೆ ಎಣ್ಣೆಯ ಕಲೆ ಇದೆ, ಅದನ್ನು ಮೋಡ ಅಂತ ತಿಳಿಯಬೇಡ.

ದಪ್ಪ ಹುಡುಗನೂ ಸಣಕಲನೂ ಹಲಗೆಯ ಮೇಲೆ ಏರಿಳಿಯುವ ಆಟ ಆಡುವಾಗ ಏನು ಮಾಡುತ್ತಾರೆ? ದಪ್ಪನನ್ನು ನಡುವಿಗೆ ಎಳೆದು, ಸಣಕಲನನ್ನು ತುದಿಗೆ ಕೂರಿಸುತ್ತಾರೆ. ಹಾಳೆಯೂ ಅಷ್ಟೇ. ದೊಡ್ಡ ಕೊಕ್ಕರೆಯನ್ನು ನಡುವಿಗೆ ತಂದೆ. ಸಣ್ಣದನ್ನು ಬಲಗಡೆಯ ತುದಿಗೆ ಅಟ್ಟಿದೆ. ಮೇಲೆ ಬಲಮೂಲೆಯಲ್ಲಿ ನೀನು ಬಿಟ್ಟ ಬಯಲಿಗೆ ಹೂವು ತುಂಬಿದೆ. ತಲೆಕೆಳಗು ಮಾಡಿದೆ, ಕಣ್ಣು ಅರೆಮುಚ್ಚಿ ನೋಡಿದೆ. ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿದೆ. ಇದೇ ಸರಿ. ಒಪ್ಪಿಗೆ ಅಂತ ಒಂದು ಮಾತು ಬರೆ, ಕೊರೆಯುತ್ತೇನೆ.

ಹತ್ತಿರ ಇರಲಿ ಅಂದರೆ ಆಗುವುದಿಲ್ಲ. ಹಕ್ಕಿಗಳಿಗೆ ನಾಚಿಕೆ ಇಲ್ಲದಿದ್ದರೂ ಕಾಗದಕ್ಕೆ ತೂಕ ಇದೆ.

ಆ ದೋಣಿಯ ಹುಡುಗನ ವಿಷಯ. ಮಾತು ಕಡಿಮೆ ಅಂತ ಹೊಗಳಬೇಡ. ಮಾತಾಡದ ಹುಡುಗರು ಎರಡು ಬಗೆ. ಹೇಳಲು ಏನೂ ಇಲ್ಲದವರು, ಹೇಳಬಾರದ್ದು ಇರುವವರು. ಅವನ ಅಪ್ಪ ಅಮ್ಮನನ್ನು ನೋಡಿದ್ದೀಯಾ? ಕುಡಿಯುತ್ತಾನಾ? ಕ್ರಿಸ್ಪೀನ್ ಇದ್ದಿದ್ದರೆ ನಿನಗೆ ಇದನ್ನೆಲ್ಲ ನಾನು ಹೇಳಬೇಕಿರಲಿಲ್ಲ. ನಿನ್ನ ಗಂಡ ಅಂತಲ್ಲ, ನನ್ನ ಗೆಳೆಯ ಅಂತ ಹೇಳುತ್ತೇನೆ, ಆ ಮನುಷ್ಯನಿಗೆ ಜನರನ್ನು ನೋಡಿದ ಕೂಡಲೆ ತೂಕ ತಿಳಿಯುತ್ತಿತ್ತು.

ಎಲಾದಿಯೋ


ತ್ಲಾಕೊತಾಲ್ಪನ್
5 ಅಕ್ಟೋಬರ್ 1981

ಅಣ್ಣಾ,

ಒಪ್ಪಿಗೆ ಇಲ್ಲ.

ನಿನ್ನ ಸಣ್ಣ ಕೊಕ್ಕರೆಯನ್ನು ನೋಡಿದರೆ ಯಾರೋ ಮನೆಯಿಂದ ಹೊರಗೆ ಹಾಕಿದ ಹಾಗಿದೆ. ಮಾರಿಸೇಲಾಗೆ ತೋರಿಸಿದೆ. "ಇದೇನಜ್ಜೀ, ಇವ್ರಿಬ್ರೂ ಜಗಳ ಆಡ್ಕೊಂಡಿದಾರಾ?" ಅಂದಳು. ಮದುವೆಯ ಹಾಳೆ ನೋಡಿದವರು ಹಾಗೆ ಕೇಳಬಾರದು.

ನಾನು ಮತ್ತೆ ಗೀಚಿದ್ದೇನೆ. ದೊಡ್ಡದು ಕತ್ತು ಓರೆ ಮಾಡಿ ಕೆಳಗೆ ನೋಡುತ್ತಿದೆ. ಸಣ್ಣದು ಅದರ ಎದೆಗೆ ಒರಗಿ ನಿಂತಿದೆ. ನಿನ್ನ ತೂಕದ ಮಾತು ಕಿವಿಯಲ್ಲಿತ್ತು, ಅದಕ್ಕೇ ಸಣ್ಣದನ್ನು ಪೆನ್ಸಿಲಿನಿಂದ ಪೂರ್ತಿ ಕಪ್ಪು ಮಾಡಿದೆ. ಈಗ ಕಣ್ಣು ಅರೆಮುಚ್ಚಿ ನೋಡು, ನಿನ್ನ ಆಣೆಗೂ ಸಮ ಇದೆ. ಮೇಲಿನ ಬಯಲು ಬಯಲಾಗಿಯೇ ಇರಲಿ. ಹೂವು ಬೇಡ. ಯಾಕೆಂದು ಕೇಳಬೇಡ.

ಗಂಡು ಕುಡಿಯುವುದಿಲ್ಲ. ಹಬ್ಬಕ್ಕೆ ಒಂದು ಲೋಟ. ಅಪ್ಪ ಅಮ್ಮ ತೀರಿಕೊಂಡಿದ್ದಾರೆ. ನಮ್ಮ ಮನೆಯ ತೂಗುಕುರ್ಚಿಯ ಕಾಲು ಮುರಿದಿತ್ತು, ಯಾರೂ ಹೇಳದೆ ಬಂದು ಸರಿ ಮಾಡಿ ಹೋದ. ಆ ಕುರ್ಚಿ ಕ್ರಿಸ್ಪೀನ್‌ದು. ಸರಿ ಮಾಡಿದ, ಆದರೆ ಕುಳಿತುಕೊಳ್ಳಲಿಲ್ಲ. ಇದಕ್ಕಿಂತ ಹೆಚ್ಚು ನನಗೆ ಬರೆಯಲು ಬರುವುದಿಲ್ಲ.

ಮದುವೆಯ ಸಂಜೆ ಹಲಗೆ ಹಾಸಿ ಕುಣಿತ ಇದೆ. ಮದುಮಗಳು ಒಂದೇ ಹಾಡಿಗೆ ಕುಣಿಯುತ್ತಾಳಂತೆ. ಮೊಣಕಾಲು ಕೇಳುವುದಿಲ್ಲ.

ನೀನು ಬರಬೇಕು ಅಣ್ಣಾ. ಮದುಮಗಳನ್ನು ಕೈಹಿಡಿದು ಇಗರ್ಜಿಯೊಳಗೆ ಕರೆದುಕೊಂಡು ಹೋಗಲು ಹಿರಿಯರು ಬೇಕು. ನೀನಲ್ಲದೆ ಇನ್ನು ಯಾರಿದ್ದಾರೆ?

ದೂಲಾ


ವಿಷ್ಕೊಲೋತ್ಲ
14 ಅಕ್ಟೋಬರ್ 1981

ಒಬ್ದೂಲಿಯಾ,

ನಿನ್ನ ಗಂಡು ನೆಲಕ್ಕೆ ಬಿದ್ದ.

ತಮಾಷೆಯಲ್ಲ. ನೀನು ಕಪ್ಪು ಬಳಿದು ಕಳಿಸಿದೆ. ನಮ್ಮ ಅಂಗಡಿಯಲ್ಲಿ ಕಪ್ಪು ಅಂದರೇನು? ಕೊರೆದು ಬೀಳಿಸುವ ಜಾಗ. ನೀನೇ ಕಪ್ಪು ತುಂಬುತ್ತಿದ್ದೆ, ನಾನು ಬೀಳಿಸುತ್ತಿದ್ದೆ, ಹತ್ತು ವರ್ಷ ಇದೇ ಕೆಲಸ. ಹುಚ್ಚು ಚಿತ್ರ ಅಂತ ಬೈದುಕೊಂಡೇ, ಮೊದಲ ಕಟ್ಟು ಕೊರೆದು ನೋಡೋಣ ಅಂತ ಐವತ್ತು ಹಾಳೆ ಜೋಡಿಸಿ, ಸೀಸದ ಹಲಗೆಯ ಮೇಲಿಟ್ಟು, ನಿನ್ನ ಗೆರೆಯ ಮೇಲೆಯೇ ಉಳಿ ಇಟ್ಟು ಸುತ್ತಲೂ ಹೊಡೆದೆ. ಎತ್ತಿ ನೋಡಿದರೆ ದೊಡ್ಡ ಕೊಕ್ಕರೆ ಕತ್ತು ಓರೆ ಮಾಡಿ ಒಂದು ತೂತನ್ನು ನೋಡುತ್ತಿದೆ. ಗಂಡು ನನ್ನ ಚಪ್ಪಲಿಯ ಮೇಲೆ. ಒಬ್ಬನಲ್ಲ, ಐವತ್ತು ಗಂಡು, ನೇರಳೆ ಬಣ್ಣದವರು.

ಪಕ್ಕದ ಮನೆಯ ತೆಯೋದುಲೋ ಬೆಂಕಿ ಕೇಳಲು ಬಂದವನು ನೋಡಿಬಿಟ್ಟ. "ಏನ್ ದೊನ್ ಎಲಾದಿಯೋ, ಮದ್ವೆಗೆ ಮುಂಚೇನೇ ಗಂಡು ಓಡೋದ್ನಾ?" ಅಂದ.

"ನಿನ್ನ ಕೆಲ್ಸ ನೋಡ್ಕೊಂಡು ಹೋಗೋ," ಅಂದೆ.

"ನೋಡ್ತಾ ಇದೀನಲ್ಲ, ನನ್ನ ಕೆಲ್ಸಕ್ಕಿಂತ ಇದೇ ಚೆನ್ನಾಗಿದೆ!"

ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಯಿತು. ರೊಟ್ಟಿ ತರಲು ಹೋದರೆ ಅಂಗಡಿಯವಳು, "ಸಿಕ್ಕಿದ್ನಾ ಗಂಡು?" ಅಂತ ಕೇಳುತ್ತಾಳೆ. ಅಪ್ಪ ಸತ್ತ ಮೇಲೆ ನನಗೆ ಇಂಥ ಅವಮಾನ ಆಗಿರಲಿಲ್ಲ.

ನಾನು ಪೊರಕೆ ತಂದೆ. ಪೆತ್ರೋನಾ ಕೈ ಹಿಡಿದಳು. "ಮದ್ವೆ ಗಂಡನ್ನ ಗುಡಿಸ್ತಾರೇನ್ರೀ? ಅಪಶಕುನ!" ಅಂತ ಒಂದೊಂದನ್ನೇ ಆರಿಸಿ ಬುಟ್ಟಿಗೆ ಹಾಕಿದಳು. ಒಂದನ್ನು ಇದರೊಳಗೆ ಇಟ್ಟಿದ್ದೇನೆ. ನೀನೇ ಇಟ್ಟುಕೊ.

ಮೊಣಕಾಲು ನೋವಂತೆ, ಇಪ್ಪತ್ತು ವರ್ಷದ ಹುಡುಗಿಗೆ! ಈಗಿನವರು ಏನು ತಿಂದು ಬೆಳೆಯುತ್ತಾರೋ. ಹಂದಿ ಕೊಬ್ಬು ಹಚ್ಚಿ ತಿಕ್ಕಲು ಹೇಳು.

ನಾನು ಬರುವುದಿಲ್ಲ. ಘಟ್ಟ ಇಳಿಯುವ ಬಸ್ಸಿನಲ್ಲಿ ನನ್ನ ಹೊಟ್ಟೆ ಬಾಯಿಗೆ ಬರುತ್ತದೆ, ನಿನಗೇ ಗೊತ್ತು. ಕ್ರಿಸ್ಪೀನ್‌ನ ಮಣ್ಣಿಗೆ ಬಂದಾಗ ದಾರಿಯುದ್ದಕ್ಕೂ ವಾಂತಿ. ದುಃಖಕ್ಕೆ ಬಂದೆ, ಸಾಕು. ಹುಡುಗಿಯ ಅಪ್ಪ ಇದ್ದಾನಲ್ಲ, ಕೈಹಿಡಿದು ಕರೆದುಕೊಂಡು ಹೋಗಲಿ. ನಾನೇ ಯಾಕೆ?

ಎಲಾದಿಯೋ


ತ್ಲಾಕೊತಾಲ್ಪನ್
20 ಅಕ್ಟೋಬರ್ 1981

ಅಣ್ಣಾ,

ಲಕೋಟೆ ಒಡೆದ ಕೂಡಲೆ ನೇರಳೆ ಕೊಕ್ಕರೆ ಹಾರಿ ಮಡಿಲಿಗೆ ಬಿತ್ತು. ಆಮೇಲೆ ಕಾಗದ ಓದಿದೆ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಮಾರಿಸೇಲಾ ಓಡಿ ಬಂದು ನೀರು ಕುಡಿಸಿದಳು.

ತಪ್ಪು ನನ್ನದೇ ಅನ್ನು. ಇಲ್ಲಿಗೆ ಬಂದ ಮೇಲೆ ನಾನು ಬರೆಯುವುದು ಕಸೂತಿಗೆ. ಕಸೂತಿಯಲ್ಲಿ ಕಪ್ಪು ಮಾಡಿದರೆ ಅಲ್ಲಿ ದಾರ ತುಂಬು, ಗಟ್ಟಿಯಾಗಿ ತುಂಬು ಅಂತ ಅರ್ಥ. ಅಪ್ಪನ ಅಂಗಡಿಯಲ್ಲಿ ಕಪ್ಪು ಬೀಳುವುದಕ್ಕೆ, ಇಲ್ಲಿ ಕಪ್ಪು ಉಳಿಯುವುದಕ್ಕೆ. ನನ್ನ ಕೈ ಯಾವಾಗ ಊರು ಬದಲಿಸಿತೋ ನನಗೇ ತಿಳಿಯಲಿಲ್ಲ.

ನನ್ನ ಸಣ್ಣ ಕೊಕ್ಕರೆ ಉಳಿಯುವವನು ಅಣ್ಣಾ. ಒಂದು ಗರಿಯನ್ನೂ ಕೊರೆಯಬೇಡ, ಇಡಿಯಾಗಿ ಬಿಡು. ಕೊರೆಯುವುದಿದ್ದರೆ ದೊಡ್ಡದನ್ನು ಕೊರೆ. ಅದಕ್ಕೆ ವಯಸ್ಸಾಗಿದೆ, ಎಷ್ಟು ತೂತು ಮಾಡಿದರೂ ತಡೆಯುತ್ತದೆ. ಜರಡಿಯ ಹಾಗೆ ಹಗುರ ಮಾಡು. ಆಗ ಸಣ್ಣದು ಭಾರ, ದೊಡ್ಡದು ಹಗುರ. ಹತ್ತಿರ ನಿಂತರೂ ಹಾಳೆ ಒರಗುವುದಿಲ್ಲ. ಅಲ್ಲವೇ? ಹೊಸದಾಗಿ ಗೀಚಿ ಕಳಿಸಿದ್ದೇನೆ. ಈ ಸಲ ಕಪ್ಪು ಬಳಿದಿಲ್ಲ, "ಬಿಡು" "ಕೊರೆ" ಅಂತ ಬರೆದಿದ್ದೇನೆ. ಮೂರನೇ ಕ್ಲಾಸಿನವರೆಗೂ ಓದಿದವನಿಗೆ ಸಾಕು.

ನೀನು ಕಳಿಸಿದ ಹಕ್ಕಿಯನ್ನು ಗಂಡಿಗೆ ತೋರಿಸಿದೆ. ತುಂಬ ಹೊತ್ತು ನೋಡಿ, "ನಾನೇನಾ ಇದು?" ಅಂತ ಕೇಳಿದ. ಹೌದೆಂದೆ. ಟೋಪಿಯೊಳಗೆ ಇಟ್ಟುಕೊಂಡು ದೋಣಿಗೆ ಹೋದ.

ನೀನೇ ಯಾಕೆ ಅಂತ ಕೇಳಿದ್ದೀಯ. ನೀನೇ ಬೇಕು, ಅದಕ್ಕೆ. ನಿಂಬೆಹಣ್ಣು ಮೂಸುತ್ತಾ ಬಾ.

ದೂಲಾ


ತ್ಲಾಕೊತಾಲ್ಪನ್
30 ಅಕ್ಟೋಬರ್ 1981

ಅಣ್ಣಾ,

ನಿನ್ನ ಕಾಗದ ಬಂದಿಲ್ಲ. ಹಬ್ಬದ ಕೆಲಸ ಹೆಚ್ಚೇನೋ ಅಂದುಕೊಂಡೆ. ಆದರೆ ನೀನು ಕೆಲಸವಿದ್ದಾಗಲೇ ಹೆಚ್ಚು ಬೈದು ಬರೆಯುವವನು. ಆರೋಗ್ಯವಾಗಿದ್ದೀಯಾ? ಅತ್ತಿಗೆ ಹೇಗಿದ್ದಾಳೆ? ಕಡೆಗೆ "ಆಗುವುದಿಲ್ಲ" ಅಂತಲಾದರೂ ಒಂದು ಗೆರೆ ಬರೆ.

ನಿನ್ನೆ ಗಾಳಿ ಸುರುವಾಯಿತು. ತೆಂಗಿನ ಗರಿಯೊಂದು ಬಿದ್ದು ನಮ್ಮ ಬೇಲಿ ಮುರಿದಿದೆ.

ದೂಲಾ


ತ್ಲಾಕೊತಾಲ್ಪನ್
3 ನವೆಂಬರ್ 1981

ಅಣ್ಣಾ,

ಇಂದೂ ಅಂಚೆಯವನು ತಲೆ ಅಲ್ಲಾಡಿಸಿ ಹೋದ. ನಿನಗೆ ತಿಳಿದುಹೋಗಿರಬೇಕು. ತಿಳಿದೇ ಸುಮ್ಮನಿದ್ದೀಯ.

ಮದುಮಗಳು ಮಾರಿಸೇಲಾ ಅಲ್ಲ. ನಾನು.

ನಿನ್ನ ಮೊದಲ ಕಾಗದದಲ್ಲಿ ನೀನೇ ಮಾರಿಸೇಲಾ ಅಂದೆ. ನಾನು ಅಲ್ಲ ಅನ್ನಲಿಲ್ಲ, ಅಷ್ಟೇ. ಮುಂದಿನದರಲ್ಲಿ ಹೇಳೋಣ, ಮುಂದಿನದರಲ್ಲಿ ಹೇಳೋಣ ಅಂತ ತಳ್ಳಿದೆ. ಅರವತ್ತಾರಕ್ಕೆ ಇದೆಲ್ಲ ಬೇಕಾ ಅಂತ ನೀನು ಕೇಳುತ್ತೀಯ ಅಂತ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ಕ್ರಿಸ್ಪೀನ್ ನಿನ್ನ ಗೆಳೆಯ. ನಿನ್ನ ಕಣ್ಣಿನಲ್ಲಿ ನಾನು ಅವನನ್ನು ಬಿಟ್ಟು ಹೋದ ಹಾಗೆ ಆಗುತ್ತದೇನೋ ಅಂತ. ನಿನ್ನೆ ಅವನ ಪಟದ ಮುಂದೆ ದೀಪ ಹಚ್ಚಿ ಊಟ ಇಟ್ಟೆ. ಗಂಡು ಬಾಗಿಲಲ್ಲೇ ಟೋಪಿ ತೆಗೆದು ನಿಂತಿದ್ದ. ನಾನು ಒಳಗೆ ಬಾ ಅನ್ನುವವರೆಗೂ ಬರಲಿಲ್ಲ.

ತೋರಣ ಬೇಡವೆಂದರೆ ಬೇಡ. ಬೀದಿ ಬೋಳಾಗಿದ್ದರೂ ಪರವಾಗಿಲ್ಲ. ನೀನು ಬರದಿದ್ದರೆ ಮಾತ್ರ ಇಗರ್ಜಿಯ ಬಾಗಿಲಲ್ಲಿ ನನ್ನ ಕಾಲು ಏಳುವುದಿಲ್ಲ. ನೀನು ಬರುವುದಿಲ್ಲ ಅಂದರೆ ಮದುವೆಯನ್ನೇ ಮುಂದೆ ಹಾಕುತ್ತೇನೆ. ಅವನಿಗೂ ಹೇಳಿದ್ದೇನೆ. "ಕಾಯೋಣ, ಹೊಳೆ ಎಲ್ಲಿಗ್ ಹೋಗುತ್ತೆ?" ಅಂದ.

ನಿನ್ನ ತಂಗಿ


ವಿಷ್ಕೊಲೋತ್ಲ
9 ನವೆಂಬರ್ 1981

ದೂಲಾ,

ಎರಡು ಕಾಗದ ಒಂದೇ ದಿನ ಬಂದವು. ಒಂದು ಅಳುವುದಕ್ಕೆ ತಯಾರಿ, ಇನ್ನೊಂದು ಅಳು. ಬರೆಯದಿದ್ದರೂ ತಪ್ಪು, ಬರೆದರೂ ತಪ್ಪು. ಕೈಯಲ್ಲಿ ಕೊಡತಿ ಇರುವವನು ಪೆನ್ನು ಹಿಡಿಯುವುದು ಹೇಗೆ? ಸತ್ತವರ ಹಬ್ಬದ ಹಿಂದಿನ ವಾರ ಈ ಊರಿನಲ್ಲಿ ಯಾರಾದರೂ ಕಾಗದ ಬರೆದದ್ದು ಕೇಳಿದ್ದೀಯಾ?

ನೀನು ಹೇಳುವ ಮೊದಲೇ ನನಗೆ ಗೊತ್ತಿತ್ತು. ನನಗೆ ಅಂದರೆ, ಪೆತ್ರೋನಾಗೆ.

ನಾನು ನಿನ್ನ ಚಿತ್ರಗಳನ್ನೆಲ್ಲ ತಲೆಕೆಳಗು ಮಾಡಿಯೇ ನೋಡಿದವನು. ಅಪ್ಪ ಕಲಿಸಿದ ಹಾಗೆ. ಭಾರ ಎಲ್ಲಿ, ಬಯಲು ಎಲ್ಲಿ, ಅಷ್ಟೇ ನನ್ನ ಲೆಕ್ಕ. ಎರಡು ತಿಂಗಳು ಆ ಕೊಕ್ಕರೆ ನನ್ನ ಮೇಜಿನ ಮೇಲೆ ಕಾಲು ಮೇಲೆ ಮಾಡಿ ಬಿದ್ದಿತ್ತು, ನಾನು ಅದರ ಮುಖ ನೋಡಲಿಲ್ಲ. ನಿನ್ನ "ಬಿಡು", "ಕೊರೆ" ಚಿತ್ರ ಬಂದ ದಿನ ಪೆತ್ರೋನಾ ಎದುರುಗಡೆ ಕುಳಿತು ಹುರುಳಿ ಆರಿಸುತ್ತಿದ್ದಳು. ನನಗೆ ತಲೆಕೆಳಗಾದದ್ದು ಅವಳಿಗೆ ನೆಟ್ಟಗೆ.

"ಇದೇನ್ರೀ, ನಿಮ್ಮ ತಂಗೀನ ಬರ್ದಿದೀರಾ?" ಅಂದಳು.

"ಕೊಕ್ಕರೆ ಕಣೇ ಅದು. ಮದುಮಗಳು."

"ಕತ್ತು ನೋಡ್ರೀ! ಯಾರಾದ್ರೂ ಮಾತಾಡ್ಸಿದ್ರೆ ಹಿಂಗೇ ತಾನೇ ಓರೆ ಮಾಡಿ ನೋಡೋದು ಅವ್ಳು? ಒಂದು ಕಾಲ ಮೇಲೆ ಇನ್ನೊಂದು ಕಾಲು ಉಜ್ಜೋದು? ಹುಡುಗಿಗೆ ಮೊಣಕಾಲು ನೋವಂತೆ, ಬಿಳಿ ಬೇಡ್ವಂತೆ, ಅಣ್ಣನೇ ಕೈ ಹಿಡಿದು ಕರ್ಕೊಂಡ್ ಹೋಗ್ಬೇಕಂತೆ! ಅಯ್ಯೋ ನಿಮ್ಮ ತಲೆಗಿಷ್ಟು, ಮದುಮಗಳು ಒಬ್ದೂಲಿಯಾನೇ ಕಣ್ರೀ!"

ಹುರುಳಿಯೆಲ್ಲ ನೆಲದ ಮೇಲೆ. ಅವಳು ಹೊದ್ದ ಶಾಲಿನ ತುದಿ ಬಾಯಿಗೆ ತುರುಕಿಕೊಂಡು ನಕ್ಕಳು. ನಾನು ಎದ್ದು ಹೋಗಿ ಅವಳ ಕುರ್ಚಿಯ ಹಿಂದೆ ನಿಂತು ನೋಡಿದೆ. ನೀನೇ. ಅಪ್ಪನ ಅಂಗಡಿಯ ಬಾಗಿಲಲ್ಲಿ ನಿಂತ ಹಾಗೆ.

ಸಿಟ್ಟು ಬಂತು. ಬಾರದೆ ಇರುತ್ತದೆಯೇ? ಆದರೆ ನೀನು ಅಂದುಕೊಂಡ ಸಿಟ್ಟಲ್ಲ. ಯಾರೋ ಪಾಪದ ಮನುಷ್ಯನನ್ನು ನಾನು ಹುಡುಗ ಹುಡುಗ ಅಂತ ಬೈದೆ, ಕುಡುಕನಾ ಅಂತ ಕೇಳಿದೆ, ಚಪ್ಪಲಿಯ ಮೇಲೆ ಬೀಳಿಸಿದೆ. ನೀನು ಕುಳಿತು ನಕ್ಕೆ. ಇನ್ನು ಅರವತ್ತಾರು ಅಂತ ನನಗೆ ಹೇಳಬೇಡ. ನನಗೆ ಎಪ್ಪತ್ತೊಂದು, ನಿನ್ನನ್ನು ಸೊಂಟದ ಮೇಲೆ ಹೊತ್ತವನು ನಾನು. ಕ್ರಿಸ್ಪೀನ್ ವಿಷಯ ಅಂತೀಯ. ಆ ಮನುಷ್ಯನಿಗೆ ಒಂಟಿಯಾಗಿ ಕುಳಿತವರನ್ನು ಕಂಡರೆ ಆಗುತ್ತಿರಲಿಲ್ಲ. ಅವನ ಕೈಯಲ್ಲಿ ಇದ್ದಿದ್ದರೆ ಎರಡು ವರ್ಷದ ಹಿಂದೆಯೇ ನಿನಗೆ ಗಂಡು ಹುಡುಕಿ, ಕಮಿಷನ್ನಿಗೆ ಒಂದು ಸೀಸೆ ಕೇಳುತ್ತಿದ್ದ.

ನೀನು ಹೇಳಿದ ಹಾಗೆ ದೊಡ್ಡದನ್ನು ಜರಡಿ ಮಾಡಿದೆ. ಗರಿ ಗರಿಗೂ ತೂತು. ನನ್ನ ಅತಿ ಸಣ್ಣ ಉಳಿ ಇದೆಯಲ್ಲ, ಅಕ್ಕಿ ಕಾಳಿನಷ್ಟು ಕೊರೆಯುವುದು, ಅದೇ. ಸಣ್ಣದನ್ನು ಮುಟ್ಟಲಿಲ್ಲ. ಎದೆಗೆ ಒರಗಿದ್ದಾನೆ, ಹಾಗೆಯೇ ಬಿಟ್ಟೆ. ಎರಡೂ ಮುಟ್ಟಿಕೊಂಡಿರುವುದರಿಂದ ಹಾಳೆ ಗಟ್ಟಿಯೇ ಆಯಿತು, ಒಂದನ್ನೊಂದು ಹಿಡಿದಿವೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಬಿಡು.

ಮೇಲಿನ ಬಯಲಿಗೆ ಹೂವು ತುಂಬಲಿಲ್ಲ. ಆ ಜಾಗ ಕ್ರಿಸ್ಪೀನ್‌ದೆಂದು ನನಗೆ ಈಗ ಗೊತ್ತು.

ಸತ್ತವರ ಹಬ್ಬದ ದಿನ ಮೊದಲ ಹಾಳೆಯನ್ನು ನಮ್ಮ ಮನೆಯಲ್ಲಿ ಕ್ರಿಸ್ಪೀನ್ ಪಟದ ಮೇಲೆಯೇ ಕಟ್ಟಿದೆ. ಎಲ್ಲರ ಮನೆಯಲ್ಲಿ ಅಸ್ಥಿಪಂಜರ, ನಮ್ಮ ಮನೆಯಲ್ಲಿ ಮದುವೆ. ತೆಯೋದುಲೋ ಬಂದು, "ಗಂಡು ವಾಪಸ್ ಬಂದ್ನಲ್ಲಪ್ಪಾ!" ಅಂತ ಕೂಗಿದ. ಅವನಿಗೆ ರೊಟ್ಟಿ, ಸಾರು ಕೊಟ್ಟು ಬಾಯಿ ಮುಚ್ಚಿಸಿದೆವು. ಬಾಗಿಲು ಕಿಟಕಿ ಎರಡೂ ತೆಗೆದಿಟ್ಟಿದ್ದೆ, ಬೇಕೆಂದೇ. ಗಾಳಿ ಬಂತು, ಮೇಣದಬತ್ತಿ ಎರಡು ಆರಿದವು. ಹಾಳೆ ಉಬ್ಬಿತು, ಇಳಿಯಿತು, ಮತ್ತೆ ನೆಟ್ಟಗೆ ನಿಂತಿತು. ಒರಗಲಿಲ್ಲ. ಕ್ರಿಸ್ಪೀನ್‌ಗೂ ತೋರಿಸಿದ ಹಾಗಾಯಿತು. ಅವನೇನೂ ಆಕ್ಷೇಪಣೆ ಹೇಳಲಿಲ್ಲ.

ಬುಟ್ಟಿಯಲ್ಲಿದ್ದ ನೇರಳೆ ಗಂಡುಗಳನ್ನು ಪೆತ್ರೋನಾ ಎಣ್ಣೆ ಕಾಗದದಲ್ಲಿ ಕಟ್ಟಿಟ್ಟಿದ್ದಾಳೆ. ಇಗರ್ಜಿಯಿಂದ ಹೊರಗೆ ಬರುವಾಗ ನಿಮ್ಮಿಬ್ಬರ ತಲೆಯ ಮೇಲೆ ಎರಚುತ್ತಾಳಂತೆ. ಬೇರೆ ಮದುವೆಯಲ್ಲಿ ಅಕ್ಕಿ ಬೀಳುತ್ತದೆ, ನಿನ್ನ ಮದುವೆಯಲ್ಲಿ ಗಂಡು ಬೀಳುತ್ತಾನೆ. ತೂತು ಬಿದ್ದ ಹಾಳೆಗಳನ್ನೂ ಬಿಸಾಡಿಲ್ಲ. ನಿಮ್ಮ ಹಿತ್ತಿಲಿಗೆ ಕಟ್ಟೋಣ. ಬಿಸಿಲು ಬಿದ್ದರೆ ಆ ತೂತಿನಿಂದ ಬೆಳಕಿನ ಕೊಕ್ಕರೆ ನೆಲದ ಮೇಲೆ ಮೂಡುತ್ತದೆ. ನಾನು ಅಂಗಳದಲ್ಲಿ ಹಿಡಿದು ನೋಡಿದೆ, ಚೆನ್ನಾಗಿದೆ. ನಾನು ಯಾವುದನ್ನೂ ಸುಮ್ಮನೆ ಚೆನ್ನಾಗಿದೆ ಅನ್ನುವುದಿಲ್ಲ, ನಿನಗೆ ಗೊತ್ತು.

ಮದುವೆ ಮುಂದೆ ಹಾಕುವ ಮಾತು ಇನ್ನೊಮ್ಮೆ ಬರೆಯಬೇಡ. ಹತ್ತೊಂಬತ್ತಕ್ಕೆ ಇಲ್ಲಿಂದ ಹೊರಡುತ್ತೇವೆ. ಪೆತ್ರೋನಾ ನಿಂಬೆಹಣ್ಣು ಕೊಂಡಿದ್ದಾಳೆ, ಚೀಲದ ತುಂಬ. ತೋರಣದ ಕಟ್ಟು ನನ್ನ ತೊಡೆಯ ಮೇಲೆ ಇರುತ್ತದೆ. ವಾಂತಿ ಬಂದರೆ ಕಿಟಕಿಯ ಕಡೆಗೆ, ತೋರಣದ ಕಡೆಗಲ್ಲ, ಅಂತ ಈಗಲೇ ಹೇಳಿಬಿಟ್ಟಿದ್ದಾಳೆ. ಇಗರ್ಜಿಯ ಬಾಗಿಲಲ್ಲಿ ನಿನ್ನ ಕಾಲು ಏಳದಿದ್ದರೆ ನಾನು ಎಳೆಯುತ್ತೇನೆ. ಸೊಂಟದ ಮೇಲೆ ಹೊರಲು ಮಾತ್ರ ಆಗುವುದಿಲ್ಲ.

ಒಂದೇ ಒಂದು ಕೆಲಸ ಉಳಿದಿದೆ. ಕೊಕ್ಕರೆಗಳ ಕಾಲ ಕೆಳಗೆ ಹೆಸರಿನ ಪಟ್ಟಿ. ಎಡಗಡೆ ಒಬ್ದೂಲಿಯಾ ಅಂತ ಬರೆದುಕೊಂಡಿದ್ದೇನೆ. ಬಲಗಡೆ ಖಾಲಿ. ನಿನ್ನ ಆರು ಕಾಗದವನ್ನೂ ಮುಂದಿಟ್ಟುಕೊಂಡು ಹುಡುಕಿದೆ. ಕುಳ್ಳು ಅಂತ ಇದೆ, ದೋಣಿ ಅಂತ ಇದೆ, ಟೋಪಿ ಅಂತ ಇದೆ, ತೂಗುಕುರ್ಚಿ ಅಂತ ಇದೆ. ಹೆಸರಿಲ್ಲ! ಮದುವೆಯಾಗುವ ಗಂಡಿನ ಹೆಸರು ಹೇಳದೆ ಮದುವೆಯ ತೋರಣ ಕೇಳಿದವಳು ಭೂಮಿಯ ಮೇಲೆ ನೀನೊಬ್ಬಳೇ. ಉದ್ದ ಹೆಸರಾದರೆ ಒಂದು ಬಗೆ ಗೀಚಬೇಕು, ಗಿಡ್ಡವಾದರೆ ಇನ್ನೊಂದು ಬಗೆ. ಎರಡಕ್ಕೂ ಕಾಗದ ಕತ್ತರಿಸಿ ಇಟ್ಟು ಕಾಯುತ್ತಿದ್ದೇನೆ.

ಕಾಗದ ಬರೆಯಬೇಡ, ತಂತಿ ಕಳಿಸು. ಬರೀ ಹೆಸರು. ನವೆಂಬರ್ ಹದಿನೇಳರೊಳಗೆ ನನ್ನ ಕೈಗೆ ಬರಬೇಕು.

ಎಲಾದಿಯೋ